ತಪ್ಪಿಗೆ ಜಾಗವಿಲ್ಲದ ಮನೆ

(ಕಾಲೇಜೊಂದರ ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರ ವಿಭಾಗಗಳು ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ. ಸಭೆಯಿಂದ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲಿಯೇ ಸೇರಿಸಲಾಗಿದೆ.)

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಬಡತನದಲ್ಲಿ ಬೆಳೆದವರಲ್ಲಿ ಕಡೆಯವರೆಗೂ ಉಳಿದುಬಿಡುವ ಅಭ್ಯಾಸಗಳ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಈ ವಿಷಯ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, ಸನ್ಮಾನ ಸಮಾರಂಭಗಳಲ್ಲಿ ಆಡುವ ಮಾತು: ಕಷ್ಟದಲ್ಲಿ ಬೆಳೆದವರು ಗಟ್ಟಿಗರಾಗುತ್ತಾರೆ, ಹಣದ ಬೆಲೆ ಅರಿಯುತ್ತಾರೆ, ಶಿಸ್ತು ಕಲಿಯುತ್ತಾರೆ. ಇನ್ನೊಂದು, ಮನೆಯೊಳಗೆ ಮಕ್ಕಳು ಮತ್ತು ಸೊಸೆಯಂದಿರು ಬೆನ್ನ ಹಿಂದೆ ಆಡುವ ಮಾತು: ಇಷ್ಟೆಲ್ಲ ಇದ್ದೂ ಈ ಮನುಷ್ಯನ ಜುಗ್ಗತನ ಹೋಗಲಿಲ್ಲವಲ್ಲ. ಎರಡೂ ಮಾತುಗಳು ಈ ಅಭ್ಯಾಸಗಳನ್ನು ಒಬ್ಬ ವ್ಯಕ್ತಿಯ ಗುಣವೆಂದೋ ದೋಷವೆಂದೋ ನೋಡುತ್ತವೆ. ನನ್ನ ವಾದ ಬೇರೆ. ಬಡ ಮನೆ ಮಗುವಿಗೆ ಮೊದಲು ಕಲಿಸುವುದು ಉಳಿತಾಯವನ್ನಲ್ಲ. ಇಲ್ಲಿ ಒಂದು ತಪ್ಪು ನಡೆದರೆ ಅದನ್ನು ಸರಿಪಡಿಸಲು ಹೆಚ್ಚಿನದೇನೂ ಇಲ್ಲ, ನಷ್ಟವನ್ನು ಹೊರಲು ಬೇರೆ ಯಾರೂ ಇಲ್ಲ ಎಂಬುದನ್ನು ಅದು ಕಲಿಸುತ್ತದೆ. ಉಳಿದ ಅಭ್ಯಾಸಗಳೆಲ್ಲ ಈ ಒಂದು ಪಾಠದ ಕವಲುಗಳು.

ನನಗೆ ಚೆನ್ನಾಗಿ ಗೊತ್ತಿರುವುದು ದಕ್ಷಿಣ ಕನ್ನಡದ ಬೀಡಿ ಕಟ್ಟುವ ಮನೆ. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಬೀಡಿಯ ವ್ಯವಹಾರ ಹೊರಗಿನವರು ತಿಳಿದಷ್ಟು ಸರಳವಲ್ಲ. ಬೀಡಿ ಕಂಪನಿಯ ಊರಿನ ಶಾಖೆಯಾದ ಬ್ರಾಂಚಿನಲ್ಲಿ ಗುತ್ತಿಗೆದಾರರು ಎಲೆ, ಹೊಗೆಸೊಪ್ಪಿನ ಹುಡಿ ಮತ್ತು ನೂಲನ್ನು ಕೊಡುತ್ತಾರೆ. ಸಾವಿರ ಬೀಡಿಗೆ ಇಷ್ಟು ತೂಕದ ಎಲೆ, ಇಷ್ಟು ಹುಡಿ ಎಂದು ಲೆಕ್ಕವಿರುತ್ತದೆ. ಎಲೆಯ ಕಟ್ಟಿನಲ್ಲಿ ತೂತು ಬಿದ್ದವು, ಹರಿದವು, ಒಣಗಿ ಪುಡಿಯಾದವು ಎಷ್ಟೇ ಇದ್ದರೂ ತೂಕ ತೂಕವೇ. ಕೊಟ್ಟ ಎಲೆಯಲ್ಲಿ ಸಾವಿರ ಭರ್ತಿಯಾಗದಿದ್ದರೆ ಕಡಿಮೆ ಬಿದ್ದ ಎಲೆಯನ್ನು ಕಟ್ಟುವವಳೇ ಕೈಯಿಂದ ದುಡ್ಡು ಹಾಕಿ ಕೊಂಡು ತುಂಬಬೇಕು. ಮರುದಿನ ಬ್ರಾಂಚಿನಲ್ಲಿ ಚೆಕ್ಕಿಂಗ್ ಮಾಡುವಾಗ ಸಡಿಲವೆಂದೋ ಬಾಯಿ ಸರಿಯಾಗಿ ಮಡಚಿಲ್ಲವೆಂದೋ ತೆಗೆದು ಬದಿಗಿಟ್ಟ ಬೀಡಿಗಳ ನಷ್ಟವೂ ಅವಳದೇ.

ಎಲೆ ಕತ್ತರಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಬೀಡಿಯ ಅಳತೆಯ ತಗಡಿನ ತುಂಡನ್ನಿಟ್ಟು, ಕತ್ತರಿಯನ್ನು ಅದರ ಅಂಚಿನುದ್ದಕ್ಕೂ ಓಡಿಸುತ್ತಾರೆ. ಆದರೆ ಕತ್ತರಿ ಆಡುವುದಕ್ಕೆ ಮೊದಲೇ ಕಣ್ಣು ಆ ಕೆಲಸ ಮುಗಿಸಿರುತ್ತದೆ: ದಪ್ಪ ನರ ಎಲ್ಲಿದೆ, ತೂತು ಎಲ್ಲಿದೆ, ತಗಡನ್ನು ಯಾವ ಓರೆಗೆ ಇಟ್ಟರೆ ಒಂದು ಎಲೆಯಲ್ಲಿ ಒಂದರ ಬದಲು ಎರಡು ತುಂಡು ಸಿಗುತ್ತದೆ ಎಂಬ ಲೆಕ್ಕ ಒಂದು ಕ್ಷಣದಲ್ಲಿ ಆಗಿಹೋಗಬೇಕು. ನನ್ನ ತಾಯಿ ಈ ಲೆಕ್ಕವನ್ನು ನಮ್ಮೊಂದಿಗೆ ಮಾತನಾಡುತ್ತಲೇ, ಒಲೆಯ ಕಡೆ ಒಂದು ಕಣ್ಣಿಟ್ಟುಕೊಂಡೇ ಮಾಡುತ್ತಿದ್ದರು. ಶಾಲೆಯಿಂದ ಬಂದ ನಮ್ಮ ಪಾಲಿಗೆ ಬೀಡಿಯ ಬಾಯಿ ಮಡಚುವ ಕೆಲಸವಿರುತ್ತಿತ್ತು. ಆ ಮನೆಯಿಂದ ಬಂದ ನಾನು ಇಂದಿಗೂ ಯಾವುದೇ ಹಾಳೆ, ಬಟ್ಟೆ ಅಥವಾ ಹಲಗೆಯನ್ನು ಕಂಡಾಗ ಇದರಲ್ಲಿ ಎಷ್ಟು ತುಂಡು ಹುಟ್ಟುತ್ತದೆ ಎಂದು ನೋಡುತ್ತೇನೆ. ಇದನ್ನು ಮಿತವ್ಯಯ ಎಂದು ಹೊಗಳುವವರಿಗೆ ನಾನು ಹೇಳುವುದಿಷ್ಟೇ: ಎಲೆ ಹಾಳಾದರೆ ಕಂಪನಿಗೆ ನಷ್ಟ ಎಂಬ ನಿಯಮವಿದ್ದಿದ್ದರೆ ಆ ಕಣ್ಣು ಅಷ್ಟು ಚುರುಕಾಗುತ್ತಿರಲಿಲ್ಲ.

ನಷ್ಟ ಹೀಗೆ ಮನೆಯೊಳಗೆ ಬಂದು ಕುಳಿತದ್ದಕ್ಕೂ ಒಂದು ಇತಿಹಾಸವಿದೆ. ಕೆಲಸದ ಜಾಗ ಮತ್ತು ಸೌಲಭ್ಯಗಳ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 1966ರಲ್ಲಿ ಬಂತು. ಕೇರಳ ಸರಕಾರ ಅದನ್ನು ಜಾರಿಗೆ ತರಲು ಹೊರಟಾಗ ಕಣ್ಣೂರಿನ ಕಡೆ ಕೆಲಸ ಕೊಡುತ್ತಿದ್ದ ಮಂಗಳೂರಿನ ಬೀಡಿ ಮಾಲೀಕರು 1968ರಲ್ಲಿ ಅಲ್ಲಿನ ಶಾಖೆಗಳನ್ನು ಮುಚ್ಚಿದರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು, ಮತ್ತು ಅವರಿಗಾಗಿ 1969ರಲ್ಲಿ ಅಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿಕೊಂಡಿತು. ನಮ್ಮ ಕಡೆ ಬೀಡಿ ಬಹುಮಟ್ಟಿಗೆ ಮನೆಯ ಜಗಲಿಯಲ್ಲೇ ಉಳಿಯಿತು. ಕಾರ್ಖಾನೆಯಲ್ಲಿ ಮಾಲೀಕನ ಮೇಲೆ ಬೀಳುವ ಬೆಳಕು, ನೆರಳು, ನೀರು, ಜಾಗದ ಖರ್ಚು ಜಗಲಿಯಲ್ಲಿ ಕೆಲಸಗಾರ್ತಿಯದಾಗುತ್ತದೆ. ಅದರ ಜೊತೆಗೆ ಹಾಳಾದ ಎಲೆಯೂ. ಹೆಣ್ಣು ನೋಡಲು ಬಂದವರು ಹುಡುಗಿ ಬೀಡಿ ಕಟ್ಟುತ್ತಾಳೆಯೇ, ಅವಳ ಹೆಸರಿನಲ್ಲಿ ಬೀಡಿ ಕಾರ್ಡ್ ಇದೆಯೇ ಎಂದು ಕೇಳುತ್ತಿದ್ದ ಊರುಗಳು ನಮ್ಮವು.

ಎರಡನೆಯ ಅಭ್ಯಾಸ ಕಾಗದಗಳಿಗೆ ಸಂಬಂಧಿಸಿದ್ದು. ನಮ್ಮ ತಲೆಮಾರಿನ ಅನೇಕರ ಮನೆಯ ಟ್ರಂಕು ತೆರೆದರೆ ಐವತ್ತು ವರ್ಷ ಹಿಂದಿನ ಭೂಕಂದಾಯದ ತೀರ್ವೆ ರಶೀದಿ, ರದ್ದಾದ ರೇಷನ್ ಕಾರ್ಡು, ಮುಗಿದುಹೋದ ಸಾಲದ ಚೀಟಿ, ಸತ್ತವರ ಬೀಡಿ ಪುಸ್ತಕ ಎಲ್ಲವೂ ಸಿಗುತ್ತವೆ. ಮಕ್ಕಳು ಇದನ್ನು ಕಸ ಎನ್ನುತ್ತಾರೆ. ಆದರೆ ಗೇಣಿಗೆ ಉಳುವವನಿಗೇ ಭೂಮಿ ಕೊಡುವ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಭೂಮಿ ಕೋರಿ ಡಿಕ್ಲರೇಷನ್ ಹಾಕಿ ಟ್ರಿಬ್ಯೂನಲ್ ಮುಂದೆ ನಿಂತ ದಿನಗಳನ್ನು ನೋಡಿದವರಿಗೆ ಅದು ಕಸವಲ್ಲ. ಗೇಣಿ ಅಕ್ಕಿ ಅಳೆದುಕೊಟ್ಟದ್ದಕ್ಕೆ ಧಣಿಯಿಂದ ಸಿಕ್ಕ ಒಂದು ಚೀಟಿಯನ್ನು ಜೋಪಾನವಾಗಿ ಇಟ್ಟವನ ಮಾತಿಗೆ ಅಲ್ಲಿ ತೂಕವಿತ್ತು. ಚೀಟಿಯನ್ನೇ ಕೊಡದ ಧಣಿಗಳಿದ್ದರು, ಕೊಟ್ಟರೂ ಮಳೆಗೆ ಸೋರುವ ಮನೆಯಲ್ಲಿ ಅದನ್ನು ಉಳಿಸಿಕೊಳ್ಳಲಾಗದ ಒಕ್ಕಲುಗಳಿದ್ದರು; ಅಂಥವರಲ್ಲಿ ಕೆಲವರು ತಾವು ಉತ್ತ ಗದ್ದೆಯ ಅಂಚಿನಲ್ಲೇ ಭೂಮಿಯಿಲ್ಲದವರಾಗಿ ಉಳಿದರು. ಒಂದು ಕಾಗದ ಮನೆಯ ಹಣೆಬರಹವನ್ನು ಬದಲಿಸುವುದನ್ನು ಕಣ್ಣಾರೆ ಕಂಡವನಿಗೆ, ಯಾವ ಕಾಗದ ಯಾವಾಗ ಬೇಕಾದೀತು ಎಂದು ಹೇಳಬಲ್ಲವರು ಯಾರೂ ಇಲ್ಲದ ಕಡೆ, ಎಲ್ಲವನ್ನೂ ಇಟ್ಟುಕೊಳ್ಳುವುದೊಂದೇ ವಿವೇಕದ ದಾರಿಯಾಗಿ ಕಾಣುತ್ತದೆ.

ಊಟದ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ತುಳುನಾಡಿನಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ ತಿಂಗಳು ಹಸಿವಿನ ತಿಂಗಳೆಂದೇ ಹೆಸರಾದದ್ದು. ಹಿಂದಿನ ಬೆಳೆಯ ಅಕ್ಕಿ ತಳ ಕಂಡಿರುತ್ತದೆ, ಹೊಸ ಪೈರು ಇನ್ನೂ ಗದ್ದೆಯಲ್ಲಿ ಹಸಿರಾಗಿರುತ್ತದೆ, ಬಿಡದೆ ಸುರಿಯುವ ಮಳೆಯಲ್ಲಿ ಕೂಲಿ ಇಲ್ಲ, ಕಡಲಿಗೆ ದೋಣಿ ಇಳಿಯುವಂತಿಲ್ಲ. ಆ ತಿಂಗಳನ್ನು ದಾಟಿಸುವ ಸಿದ್ಧತೆ ಬೇಸಗೆಯಲ್ಲೇ ಆರಂಭವಾಗುತ್ತಿತ್ತು. ಹಲಸಿನ ಸೊಳೆ ಮತ್ತು ಮಾವಿನಕಾಯಿಯನ್ನು ಉಪ್ಪುನೀರಿನಲ್ಲಿ ಹಾಕಿಡುವುದು, ಹಲಸಿನ ಬೀಜಕ್ಕೆ ಮಣ್ಣು ಮೆತ್ತಿ ಮೂಲೆಯಲ್ಲಿ ರಾಶಿ ಹಾಕುವುದು, ಒಣಮೀನನ್ನು ಹೊಗೆ ತಾಗುವಂತೆ ಅಟ್ಟದಲ್ಲಿ ಕಟ್ಟುವುದು. ಮಳೆ ಹಿಡಿದ ಮೇಲೆ ಗುಡ್ಡದಲ್ಲಿ ತಾನಾಗಿ ಹುಟ್ಟುವ ಕೆಸು, ತಗಟೆ ಸೊಪ್ಪು, ಕಣಿಲೆ ಎಂಬ ಎಳೆ ಬಿದಿರು. ಕುಚ್ಚಲಕ್ಕಿಯ ಗಂಜಿಯಲ್ಲಿ ಅಗುಳಿಗಿಂತ ತಿಳಿ ಹೆಚ್ಚಿರುತ್ತಿತ್ತು. ತಟ್ಟೆಯ ತಳದಲ್ಲಿ ಅಗುಳು ಉಳಿಯದಂತೆ ಕೈಯಲ್ಲಿ ಬಳಿದು ತಿನ್ನುವುದನ್ನು ಯಾರೂ ನಮಗೆ ಕಲಿಸಲಿಲ್ಲ.

ಇಂದು ಅದೇ ತಿಂಗಳಲ್ಲಿ ಮಂಗಳೂರಿನಿಂದ ಮುಂಬಯಿಯವರೆಗೆ, ಗಲ್ಫಿನ ತುಳುಕೂಟಗಳಲ್ಲಿ ಕೂಡ, ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂಬ ಕಾರ್ಯಕ್ರಮ ಸಭಾಭವನಗಳಲ್ಲಿ ನಡೆಯುತ್ತದೆ. ಕೆಸುವಿನ ಎಲೆಯ ಪತ್ರೊಡೆ, ತಗಟೆ ಸೊಪ್ಪಿನ ಪಲ್ಯ, ಕಣಿಲೆ ಗಸಿ, ಹಲಸಿನ ಬೀಜದ ಚಟ್ನಿ ಸಾಲಾಗಿ ಬಫೆಯ ಮೇಜಿನ ಮೇಲೆ ಬರುತ್ತವೆ; ಈ ಆಹಾರದ ಆರೋಗ್ಯ ಗುಣಗಳ ಬಗ್ಗೆ ಒಂದು ಭಾಷಣವೂ ಇರುತ್ತದೆ. ನನಗೆ ಈ ಕಾರ್ಯಕ್ರಮಗಳ ಮೇಲೆ ಸಿಟ್ಟಿಲ್ಲ, ಕರೆದರೆ ಹೋಗುತ್ತೇನೆ, ಪತ್ರೊಡೆ ಚೆನ್ನಾಗಿದ್ದರೆ ಎರಡು ಸಲ ಹಾಕಿಸಿಕೊಳ್ಳುತ್ತೇನೆ. ಆದರೆ ಅಲ್ಲಿ ಕುಳಿತ ಹಿರಿಯರನ್ನು ಗಮನಿಸಿ ನೋಡಿ. ಮೂವತ್ತು ಬಗೆಯ ಪದಾರ್ಥ ಮುಂದಿದ್ದರೂ ಅವರಲ್ಲಿ ಕೆಲವರು ಮೊದಲು ಅನ್ನವನ್ನೇ ತುಂಬ ಬಡಿಸಿಕೊಳ್ಳುತ್ತಾರೆ. ಕೆಲವರು ಹಸಿವಿಲ್ಲದಿದ್ದರೂ ಉಣ್ಣುತ್ತಾರೆ. ಇನ್ನು ಕೆಲವರು ತಟ್ಟೆಯಲ್ಲಿ ಬಿಟ್ಟು ಎದ್ದ ಮೊಮ್ಮಗನ ಪಾಲನ್ನು ತಮ್ಮ ತಟ್ಟೆಗೆ ಸರಿಸಿಕೊಂಡು ಮುಗಿಸುತ್ತಾರೆ.

ಹಸಿವಿಲ್ಲದೆ ಉಣ್ಣುವ ಈ ಅಭ್ಯಾಸದ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಅನುಕೂಲವಂತರ ಮನೆಯಲ್ಲಿ ಬೆಳೆದವರು ಹಸಿವಿದ್ದಾಗ ಹೆಚ್ಚು, ಹೊಟ್ಟೆ ತುಂಬಿದ್ದಾಗ ಕಡಿಮೆ ತಿಂದರು. ಬಡ ಮನೆಗಳಲ್ಲಿ ಬೆಳೆದವರು ಹಸಿವಿದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರು. ಗಮನಿಸಬೇಕಾದದ್ದೆಂದರೆ, ಇದನ್ನು ನಿರ್ಧರಿಸಿದ್ದು ಅವರ ಈಗಿನ ಸ್ಥಿತಿಯಲ್ಲ, ಬಾಲ್ಯದ ಸ್ಥಿತಿ. ಮುಂದಿನ ಊಟ ಯಾವಾಗ ಎಂದು ತಿಳಿಯದ ಮಗುವಿಗೆ ಹಸಿವು ನಂಬಬಹುದಾದ ಸೂಚನೆಯಲ್ಲ. ಊಟ ಎದುರಿಗಿದೆ ಎಂಬುದೇ ಸೂಚನೆ.

ಇದರ ಪಕ್ಕದಲ್ಲಿ 2013ರಲ್ಲಿ ಪ್ರಕಟವಾದ ಇನ್ನೆರಡು ಅಧ್ಯಯನಗಳನ್ನು ಇಟ್ಟು ನೋಡಬೇಕು. ಒಂದು ನಮ್ಮ ನೆರೆಯ ತಮಿಳುನಾಡಿನ 464 ಕಬ್ಬು ಬೆಳೆಗಾರರದು. ಕಟಾವಿಗೆ ಮೊದಲು ಕೈ ಬರಿದಾಗಿದ್ದಾಗ ಮತ್ತು ಕಟಾವಿನ ನಂತರ ಹಣ ಬಂದಾಗ ಅದೇ ರೈತರಿಗೆ ಬುದ್ಧಿಶಕ್ತಿಯ ಪರೀಕ್ಷೆಗಳನ್ನು ಕೊಟ್ಟರೆ, ಹಣ ಬಂದ ಮೇಲಿನ ಫಲಿತಾಂಶ ಉತ್ತಮವಾಗಿತ್ತು. ಅಂದರೆ ಬಡವನ ಬುದ್ಧಿ ಮಂದವಲ್ಲ, ಅದು ಬೇರೆ ಲೆಕ್ಕದಲ್ಲಿ ಮುಳುಗಿರುತ್ತದೆ. ಇನ್ನೊಂದು ಅಮೆರಿಕದ ರೋಚೆಸ್ಟರ್‌ನಲ್ಲಿ 28 ಪುಟ್ಟ ಮಕ್ಕಳೊಂದಿಗೆ ನಡೆದದ್ದು. ಈಗಲೇ ಒಂದು ಮಿಠಾಯಿ ತಿನ್ನಬಹುದು, ಕಾದರೆ ಎರಡು ಸಿಗುತ್ತದೆ ಎಂಬ ಆ ಹಳೆಯ ಪರೀಕ್ಷೆ ನಿಮಗೆ ತಿಳಿದದ್ದೇ. ಇಲ್ಲಿ ಅದಕ್ಕೆ ಮೊದಲು ಅರ್ಧ ಮಕ್ಕಳಿಗೆ, ಒಳ್ಳೆಯ ಬಣ್ಣದ ಸಾಮಗ್ರಿ ತಂದುಕೊಡುತ್ತೇವೆಂದು ಹೇಳಿ ಬರಿಗೈಯಲ್ಲಿ ಬಂದರು. ಉಳಿದರ್ಧ ಮಕ್ಕಳಿಗೆ ಹೇಳಿದಂತೆಯೇ ತಂದುಕೊಟ್ಟರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಮಿಠಾಯಿಯ ಮುಂದೆ ಸರಾಸರಿ 12 ನಿಮಿಷ ಕಾದರು, ಮೋಸ ಹೋದ ಮಕ್ಕಳು 3 ನಿಮಿಷ. ತಾಳ್ಮೆ ಎಂಬುದು ಸಂಸ್ಕಾರದ ವಿಷಯ ಎಂದು ನಂಬಿದವರು ಈ ಎರಡು ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ಕಾಯುವುದು ಜಾಣತನವೋ ದಡ್ಡತನವೋ ಎಂಬುದು ಕೊಡುವವನ ಮಾತಿನ ಮೇಲೆ ನಿಂತಿದೆ. ಮುಂಗಾರು, ಗುತ್ತಿಗೆದಾರ, ಧಣಿ, ರೇಷನ್ ಅಂಗಡಿ ಇವುಗಳಲ್ಲಿ ಯಾವುದೂ ಮಾತಿಗೆ ತಪ್ಪದ್ದೆಂದು ಹೇಳಲಾಗದ ಕಡೆ ಬೆಳೆದ ಮಗು ಸಿಕ್ಕಿದ್ದನ್ನು ಈಗಲೇ ಹಿಡಿದುಕೊಂಡರೆ ಅದು ಅಲ್ಲಿನ ಮಟ್ಟಿಗೆ ಸರಿಯಾದ ತೀರ್ಮಾನವೇ.

ಕೊಡುವವನ ಮಾತು ಗಟ್ಟಿಯಾಗಿದ್ದರೆ ಬಡವರೂ ಕಾಯುತ್ತಾರೆ ಎಂಬುದಕ್ಕೆ ಉಡುಪಿಯಲ್ಲೇ ಸಾಕ್ಷಿಯಿದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಬಿಡದೆ ಮನೆಬಾಗಿಲಿಗೆ ಬಂದು ಸಂಗ್ರಹಿಸಿತು. ಬೀಡಿ ಕಟ್ಟುವವರು, ಮೀನು ಮಾರುವವರು ಕಟ್ಟಿದರು. ಬಡವರಿಗೆ ನಾಳೆಯ ಯೋಚನೆ ಇಲ್ಲ ಎಂದು ತಿಳಿದವರಿಗೆ ಆ ಏಜೆಂಟನ ಚೀಲವೇ ಉತ್ತರವಾಗಿತ್ತು. ಬೀಡಿ ಕಾರ್ಮಿಕರಿಗೆ 1977ರಲ್ಲಿ ಭವಿಷ್ಯನಿಧಿ ಅನ್ವಯವಾದಾಗಲೂ ನಮ್ಮ ಹೆಂಗಸರು ಪಿ.ಎಫ್. ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡರು.

ಇದುವರೆಗೆ ಹೇಳಿದವೆಲ್ಲ ಕಣ್ಣಿಗೆ ಕಾಣುವ ಅಭ್ಯಾಸಗಳು. ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವುದು, ಹಾಲಿನ ಕವರು ತೊಳೆದು ಒಣಗಿಸುವುದು, ಉಚಿತ ಕರೆಯ ಕಾಲದಲ್ಲೂ ಮಿಸ್ಡ್ ಕಾಲ್ ಕೊಡುವುದು, ಇವುಗಳಿಂದ ಯಾರಿಗೂ ಹಾನಿಯಿಲ್ಲ. ಮನೆಯವರು ನಕ್ಕು ಸುಮ್ಮನಾಗಬಹುದು. ನನ್ನನ್ನು ಹೆಚ್ಚು ಕಾಡುವುದು ಕಾಣದ ಅಭ್ಯಾಸಗಳು, ಏಕೆಂದರೆ ಅವುಗಳ ಖರ್ಚು ದೊಡ್ಡದು ಮತ್ತು ಅದು ಯಾವ ಲೆಕ್ಕದಲ್ಲೂ ಬರೆಯಲ್ಪಡುವುದಿಲ್ಲ.

ಮೊದಲನೆಯದು, ಖಚಿತವಾದದ್ದನ್ನೇ ಆರಿಸುವುದು. ಹತ್ತನೇ ತರಗತಿಯಲ್ಲಿ ನಮ್ಮ ತಾಲ್ಲೂಕಿಗೆ ಒಳ್ಳೆಯ ಅಂಕ ಪಡೆದ ಬೀಡಿ ಮನೆಗಳ ಮಕ್ಕಳು ಟಿ.ಸಿ.ಎಚ್. ಮಾಡಿ ಮೇಷ್ಟ್ರಾದರು, ಬ್ಯಾಂಕಿನ ಗುಮಾಸ್ತರಾದರು, ಇಲ್ಲವೇ ಬಸ್ಸು ಹತ್ತಿ ಮುಂಬಯಿಯ ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತ ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದು ಮುಂದುವರಿಸಿದರು. ಇವು ಒಳ್ಳೆಯ ಬದುಕುಗಳೇ, ಅವುಗಳಲ್ಲಿ ಒಂದು ನನ್ನದೂ ಹೌದು. ಆದರೆ ಐದಾರು ವರ್ಷ ಸಂಬಳವಿಲ್ಲದೆ ಓದಬೇಕಾದ, ಒಮ್ಮೆ ಫೇಲಾದರೆ ಮತ್ತೊಮ್ಮೆ ಕಟ್ಟಬೇಕಾದ ಯಾವ ದಾರಿಯನ್ನೂ ನಾವು ದಾರಿಯೆಂದು ಪರಿಗಣಿಸಲೇ ಇಲ್ಲ. ಅದೇ ಬೆಂಚಿನಲ್ಲಿ ಕುಳಿತ ಅಡಿಕೆ ತೋಟದವರ ಮಗ ಎರಡು ಸಲ ಎಡವಿ ಮೂರನೆಯ ಸಲ ಡಾಕ್ಟರಾದ. ಬುದ್ಧಿಯಲ್ಲಿ ಅವನು ನಮಗಿಂತ ಮುಂದಿರಲಿಲ್ಲ. ಅವನಿಗೆ ಎಡವಲು ಜಾಗವಿತ್ತು.

ಎರಡನೆಯದು, ಕೇಳದಿರುವುದು. ಪರರ ಮನೆಯಲ್ಲಿ ಊಟಕ್ಕೆ ಕರೆದರೆ ಈಗಷ್ಟೇ ಆಯಿತು ಎನ್ನುವುದು, ಚಹಾ ಕೊಟ್ಟರೆ ಅರ್ಧ ಸಾಕು ಎನ್ನುವುದು, ತರಗತಿಯಲ್ಲಿ ಅರ್ಥವಾಗದ್ದನ್ನು ಕೇಳದೆ ಕುಳಿತುಕೊಳ್ಳುವುದು, ಕಚೇರಿಯಲ್ಲಿ ತನಗೆ ಸಲ್ಲಬೇಕಾದ ಬಡ್ತಿಯ ಬಗ್ಗೆ ಬಾಯಿ ಬಿಡದಿರುವುದು, ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಮನೆಯಲ್ಲಿ ಏನನ್ನಾದರೂ ಕೇಳಿದರೆ ಇಲ್ಲವೆನ್ನುವಾಗ ತಾಯಿಯ ಮುಖದಲ್ಲಿ ಏನಾಗುತ್ತದೆ ಎಂದು ಮಗು ನೋಡಿರುತ್ತದೆ. ಆ ಮುಖವನ್ನು ನೋಡಬೇಕಾಗದಂತೆ ಅದು ಕೇಳುವುದನ್ನೇ ನಿಲ್ಲಿಸುತ್ತದೆ. ದೊಡ್ಡವನಾದ ಮೇಲೆ ಇದು ಆಸ್ಪತ್ರೆಯ ಬಾಗಿಲಲ್ಲಿ ಎದುರಾಗುತ್ತದೆ. ಎದೆನೋವು ಬಂದವನು ವಾಯು ಎಂದು ಎರಡು ದಿನ ಕಷಾಯ ಕುಡಿದು ಕಾಯುತ್ತಾನೆ, ಕೈಯಲ್ಲಿ ವಿಮೆಯ ಕಾರ್ಡಿದ್ದರೂ ಕಾಯುತ್ತಾನೆ. ಹಣ ಉಳಿಸುವ ಆಸೆ ಇಲ್ಲಿ ಮುಖ್ಯವಲ್ಲ. ತನ್ನಿಂದ ಮನೆಗೆ ಒಂದು ಖರ್ಚು ಹುಟ್ಟುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಅವನಿಗೆ ಬಾರದು. ಹೆಂಗಸರಲ್ಲಿ ಇದು ಇನ್ನೂ ಆಳವಾಗಿದೆ. ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ನಿಂತೇ ಉಂಡವಳು ನೋವನ್ನೂ ಎಲ್ಲರದಾದ ಮೇಲೆಯೇ ಹೇಳುತ್ತಾಳೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಡತನವೆಂಬುದು ಎಲ್ಲರಿಗೂ ಒಂದೇ ಅಲ್ಲ, ಆದುದರಿಂದ ಹೊರಗೆ ಒಂದೇ ಆಗಿ ಕಾಣುವ ಅಭ್ಯಾಸದ ಒಳಗೆ ಬೇರೆ ಬೇರೆ ಕಾರಣಗಳಿರುತ್ತವೆ. ನಮ್ಮ ಜಿಲ್ಲೆಯ ಕೊರಗ ಸಮುದಾಯದ ಮೇಲೆ ಹೇರಲಾಗಿದ್ದ ಅಜಲು ಪದ್ಧತಿಯಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದೂ ಇತ್ತು. ಕರ್ನಾಟಕ ಸರಕಾರ ಅದನ್ನು 2000ದ ಕಾಯ್ದೆಯಿಂದ ನಿಷೇಧಿಸಿತು. ಆ ಸಮುದಾಯದ ಒಬ್ಬ ಯುವಕ ಇನ್ನೊಬ್ಬರ ಮನೆಯ ಅಂಗಳದಲ್ಲಿ ಊಟ ಬೇಡವೆಂದರೆ ಅದನ್ನು ನಾನು ಹೇಳಿದ ಸಂಕೋಚದ ಪಟ್ಟಿಗೆ ಸೇರಿಸಬಾರದು. ನನ್ನ ನಿರಾಕರಣೆ ಭಯದ್ದು, ಅವನದು ಹಕ್ಕಿನದು.

ವಿದ್ಯಾರ್ಥಿನಿಯೊಬ್ಬರು ಕೇಳಿದರು: ಈ ಅಭ್ಯಾಸಗಳಲ್ಲಿ ಒಳ್ಳೆಯವನ್ನಾದರೂ ನಮ್ಮ ಮಕ್ಕಳಿಗೆ ಕಲಿಸಬಾರದೇ? ಅನ್ನ ಬಿಸಾಡಬೇಡ ಎಂದು ಹೇಳಿ, ಖಂಡಿತ ಹೇಳಿ. ಆದರೆ ನಮ್ಮ ಮನೆಗಳಲ್ಲಿ ಆಗುತ್ತಿರುವುದು ಬೇರೆ. ತಂದೆ ತನ್ನ ಬಾಲ್ಯವನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟು ಮಗನಿಗೆ ಬಡಿಸುತ್ತಾನೆ. ನಿನ್ನ ವಯಸ್ಸಿನಲ್ಲಿ ನಾನು ಎಂದು ಶುರುವಾಗುವ ಮಾತಿಗೆ ಮಗ ಏನೆಂದು ಉತ್ತರ ಕೊಡಬೇಕು? ತಾನು ಅನುಭವಿಸದ ಅಭಾವಕ್ಕೆ ಅವನು ಋಣಿಯಾಗಬೇಕೆಂದು ಕೇಳುವುದು ಅನ್ಯಾಯ. ಜೊತೆಗೆ ಇದೇ ತಂದೆ ಇನ್ನೊಂದು ಕಡೆಯಿಂದ, ನಾನು ಪಟ್ಟ ಪಾಡು ಇವನಿಗೆ ಬೇಡವೆಂದು, ಕೇಳದ್ದನ್ನೂ ತಂದು ಸುರಿಯುತ್ತಾನೆ. ಒಂದೇ ಕೈಯಿಂದ ಬಿಗಿಯುವುದೂ ಸಡಿಲ ಬಿಡುವುದೂ ನಡೆಯುವಾಗ ಮಗುವಿಗೆ ಗೊಂದಲವಾಗುವುದು ಸಹಜ.

ಇನ್ನೊಬ್ಬರು, ಹಾಗಾದರೆ ಇವು ಬಿಟ್ಟುಹೋಗುವುದು ಹೇಗೆ ಎಂದು ಕೇಳಿದರು. ನನ್ನ ವಯಸ್ಸಿನವರಲ್ಲಿ ಬಿಟ್ಟುಹೋಗುತ್ತವೆಂದು ನಾನು ಭಾವಿಸುವುದಿಲ್ಲ, ಉಪದೇಶದಿಂದಂತೂ ಇಲ್ಲ. ಊಟ ಖಚಿತವಾಗಿದ್ದರೆ ಮುಂದಿನವರಲ್ಲಿ ಇವು ಹುಟ್ಟದಿರಬಹುದು, ಅಷ್ಟೇ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಕಡೆಗೂ ಬಂತು. ನಮ್ಮ ಕಾಲದಲ್ಲಿಯೂ ಶಾಲೆಯಲ್ಲಿ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು ಇತ್ತು, ಆದರೆ ಅದು ಬಂದ ದಿನ ಬಂತು, ಬಾರದ ದಿನ ಇಲ್ಲ. ಬಂದ ದಿನ ನಾವು ಎರಡು ದಿನದ್ದನ್ನು ತಿಂದೆವು. ಶಾಲೆ ನಡೆಯುವ ದಿನವೆಂದರೆ ಊಟದ ದಿನ ಎಂಬ ಲೆಕ್ಕದಲ್ಲಿ ಒಂದನೇ ತರಗತಿ ಸೇರಿದ ಮೊದಲ ತಂಡದ ಮಕ್ಕಳು ಇಪ್ಪತ್ತೈದು ದಾಟಿ ಈಗ ಸಂಪಾದಿಸುತ್ತಿದ್ದಾರೆ. ಅವರು ಹಸಿವಿಲ್ಲದಾಗ ತಟ್ಟೆಯನ್ನು ಬದಿಗೆ ಸರಿಸುತ್ತಾರೆಯೇ, ಕೆಲಸ ಬದಲಿಸಲು ಹೆದರುತ್ತಾರೆಯೇ, ನೋವಾದ ದಿನವೇ ಆಸ್ಪತ್ರೆಗೆ ಹೋಗುತ್ತಾರೆಯೇ ಎಂಬುದನ್ನು ಊರೂರಿಗೆ ಹೋಗಿ ಕೇಳಿ ಬರೆದಿಡಬೇಕಾಗಿದೆ. ಅರ್ಥಶಾಸ್ತ್ರ ವಿಭಾಗದವರು ಕಿರುಸಂಶೋಧನೆಗೆ ವಿಷಯ ಸೂಚಿಸಿ ಎಂದು ಬೆಳಿಗ್ಗೆ ಕೇಳಿದ್ದರು. ನಾನು ಸೂಚಿಸುವುದು ಇದನ್ನು.